ಬೆರಳು ಹೋಗದ ಸಂದು: ಬೆಲ್ಟು ಮಾಡುವವರ ಕೈ ಪ್ರೆಸ್ಸಿಗೆ ತಕ್ಕ ಡೈ

ಬೆಲ್ಟು ಸಡಿಲವಾದಾಗ ಮೊಳೆಯೊಂದನ್ನು ಒಲೆಯಲ್ಲಿ ಕಾಯಿಸಿ ಹೊಸ ರಂಧ್ರ ಮಾಡಿಕೊಳ್ಳುವುದು ಎಲ್ಲ ಮನೆಗಳಿಗೂ ಗೊತ್ತಿರುವ ಉಪಾಯ. ಆ ರಂಧ್ರ ಬಹುಕಾಲ ಬಾಳುವುದಿಲ್ಲ. ಮೊಳೆಯು ತೊಗಲಿನ ನಾರುಗಳನ್ನು ಬದಿಗೆ ತಳ್ಳಿ ಸುಡುತ್ತದೆಯೇ ಹೊರತು ತುಣುಕನ್ನು ತೆಗೆಯುವುದಿಲ್ಲ. ಸುಟ್ಟ ಅಂಚು ಬಿರುಸಾಗಿ, ಕೊಂಡಿಯ ಮುಳ್ಳು ಎಳೆದಂತೆಲ್ಲ ಸೀಳುತ್ತ ಹೋಗುತ್ತದೆ. ಟೊಳ್ಳಾದ ಪಂಚು ಹಾಗಲ್ಲ. ಅದು ದುಂಡನೆಯ ಬಿಲ್ಲೆಯೊಂದನ್ನು ಕತ್ತರಿಸಿ ಹೊರಗೆ ತೆಗೆಯುತ್ತದೆ. ಉಳಿದ ನಾರುಗಳು ಇದ್ದಲ್ಲಿಯೇ ಗಟ್ಟಿಯಾಗಿರುತ್ತವೆ. ಬೆಲ್ಟು ಮಾಡುವವರ ಹೆಸರು ನಿಂತಿರುವುದು ಇಂಥ ಸಣ್ಣ ವ್ಯತ್ಯಾಸಗಳ ಮೇಲೆಯೇ.

ತೊಗಲಿನ ಕಸುಬು ಗಡಿಯ ಎರಡೂ ಬದಿಗೆ ಹಳೆಯದು. ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಸಮಗಾರ ಹರಳಯ್ಯನವರ ಹೆಸರು ಇಂದಿಗೂ ಗೌರವದಿಂದ ಕೇಳಿಬರುತ್ತದೆ. ಕೊಲ್ಲಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಸೂಚಕದ ಮಾನ್ಯತೆಯು ಮಹಾರಾಷ್ಟ್ರದ ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳಿಗೂ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಿಗೂ ಕೂಡಿಯೇ ಸಲ್ಲುತ್ತದೆ. ಆದರೆ ಆ ಮಾನ್ಯತೆ ಚಪ್ಪಲಿಗೆ ಮಾತ್ರ. ಅದೇ ತೊಗಲಿನಿಂದ, ಅದೇ ಕೈಗಳಿಂದ ಆದ ಬೆಲ್ಟಿಗೆ ಹೆಸರಿನ ಕಾವಲಿಲ್ಲ. ನೂರು ಬೆಲ್ಟು ಬೇಡುವ ಅಂಗಡಿಯವರು ನೋಡುವುದು, ಮೊದಲನೆಯದು ಮತ್ತು ನೂರನೆಯದು ಒಂದೇ ಅಳತೆಯಲ್ಲಿವೆಯೇ ಎಂಬುದನ್ನು.

ರಂಪಿಗೆ, ಉಳಿ, ಸುತ್ತಿಗೆಗಳಿಂದ ಒಂದು ಬೆಲ್ಟನ್ನು ಅಚ್ಚುಕಟ್ಟಾಗಿ ಮಾಡುವುದು ಅನುಭವಿಗೆ ಕಷ್ಟವಲ್ಲ. ನೂರನ್ನು ಒಂದೇ ತೆರನಾಗಿ ಮಾಡುವಾಗ ಕೈ ಸೋಲುತ್ತದೆ, ಕಣ್ಣು ದಣಿಯುತ್ತದೆ. ಇಲ್ಲಿ ನೆರವಿಗೆ ಬರುವುದು ಕೈ ಪ್ರೆಸ್ಸು. ಇದಕ್ಕೆ ವಿದ್ಯುತ್ತು ಬೇಡ. ಒಂದು ಬಗೆಯಲ್ಲಿ ಹಿಡಿಕೆಯನ್ನು ಎಳೆದರೆ ಹಲ್ಲುಗಾಲಿಯು ಹಲ್ಲಿನ ದಂಡವನ್ನು ಕೆಳಗೆ ಒತ್ತುತ್ತದೆ. ಇನ್ನೊಂದರಲ್ಲಿ ತುದಿಗೆ ಭಾರದ ಗುಂಡುಳ್ಳ ತೋಳನ್ನು ಬೀಸಿದರೆ ತಿರುಪು ಇಳಿದು ಒತ್ತುತ್ತದೆ. ಪ್ರೆಸ್ಸು ಕೊಡುವುದು ಬಲವನ್ನಷ್ಟೇ. ಎಲ್ಲಿ, ಎಷ್ಟು, ಯಾವ ಆಕಾರದಲ್ಲಿ ಕತ್ತರಿಸಬೇಕೆಂಬ ತಿಳಿವು ಇರುವುದು ಅದಕ್ಕೆ ಜೋಡಿಸುವ ಡೈಯಲ್ಲಿ. ಪೇಟೆಯಲ್ಲಿ ಸಿದ್ಧವಾಗಿ ಸಿಗುವ ಡೈ ಬೇರೊಬ್ಬರ ಬೆಲ್ಟಿನ ಅಳತೆಗೆ ಆದದ್ದು. ತನ್ನ ಬೆಲ್ಟಿಗೆ ತಕ್ಕ ಡೈಯನ್ನು ಕಸುಬುದಾರರೇ ಯೋಚಿಸಿ ಮಾಡಿಸಿಕೊಳ್ಳುವುದರಲ್ಲಿ ಲಾಭವಿದೆ.

ವಿನ್ಯಾಸ ಆರಂಭವಾಗಬೇಕಾದುದು ಉಕ್ಕಿನಿಂದಲ್ಲ, ಬೆಲ್ಟಿನಿಂದ. ಒಂದೇ ಪದರದ ಗಟ್ಟಿ ಬೆಲ್ಟಿಗೆ ಸಾಮಾನ್ಯವಾಗಿ 3ರಿಂದ 4 ಮಿಲಿಮೀಟರ್ ದಪ್ಪದ ತೊಗಲು ಬೇಕು. ಅಗಲವು ಜೀನ್ಸಿಗಾದರೆ 38ರಿಂದ 40, ಕಚೇರಿಯ ಉಡುಪಿಗಾದರೆ 30ರಿಂದ 35 ಮಿಲಿಮೀಟರ್. ರಂಧ್ರಗಳ ನಡುವಣ ಅಂತರ ಸುಮಾರು 25 ಮಿಲಿಮೀಟರ್. ಬೆಲ್ಟಿನ ಉದ್ದವನ್ನು ಕೊಂಡಿಯ ಮಡಿಕೆಯಿಂದ ನಡುವಿನ ರಂಧ್ರದವರೆಗೆ ಅಳೆಯುವುದು ರೂಢಿ. ರಂಧ್ರಗಳು 5 ಅಥವಾ 7 ಎಂದು ಬೆಸ ಸಂಖ್ಯೆಯಲ್ಲಿರುವುದಕ್ಕೆ ಇದೇ ಕಾರಣ. ಕೊಂಡಿಯ ಮುಳ್ಳು ಹಾಯುವ ಕಡೆ ಉದ್ದನೆಯ ಸೀಳುಗಂಡಿ ಬೇಕು. 25 ಮಿಲಿಮೀಟರ್ ಉದ್ದ, 5 ಮಿಲಿಮೀಟರ್ ಅಗಲ ಸಾಮಾನ್ಯ ಅಳತೆ. ಇವೆಲ್ಲವನ್ನೂ ಕಾಗದದ ಮೇಲೆ ನಿಜ ಅಳತೆಯಲ್ಲಿ ಬರೆದು, ರಟ್ಟಿನಲ್ಲಿ ಕತ್ತರಿಸಿ, ಕೊಂಡಿ ಹಾಕಿ, ಸೊಂಟಕ್ಕೆ ಕಟ್ಟಿ ನೋಡಬೇಕು. ರಟ್ಟಿನ ಮೇಲಿನ ತಪ್ಪಿಗೆ ಕತ್ತರಿ ಸಾಕು. ಹದಗೊಂಡ ಉಕ್ಕಿನ ಮೇಲಿನ ತಪ್ಪಿಗೆ ಮತ್ತೊಂದು ಡೈಯೇ ಬೇಕಾಗುತ್ತದೆ.

ಬಳಿಕ ಬಲದ ಲೆಕ್ಕ. ಶಾಲೆಯಲ್ಲಿ ಕಲಿತ ಪರಿಧಿಯ ಸೂತ್ರ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಒಂದೇ ದಪ್ಪದ ತೊಗಲಿನಲ್ಲಿ, ಕತ್ತರಿಸುವ ಗೆರೆ ಉದ್ದವಾದಷ್ಟೂ ಬೇಕಾಗುವ ಒತ್ತಡ ಹೆಚ್ಚು. 4 ಮಿಲಿಮೀಟರ್ ವ್ಯಾಸದ ಒಂದು ರಂಧ್ರದ ಪರಿಧಿ ಸುಮಾರು 12.6 ಮಿಲಿಮೀಟರ್. ಐದು ರಂಧ್ರಗಳನ್ನು ಒಮ್ಮೆಗೇ ಒತ್ತಿದರೆ 63. ಎರಡೂ ತುದಿ ದುಂಡಾದ ಆ ಸೀಳುಗಂಡಿಯ ಸುತ್ತಳತೆ ಸುಮಾರು 56. 38 ಮಿಲಿಮೀಟರ್ ಅಗಲದ ಬೆಲ್ಟಿಗೆ ಅರ್ಧವೃತ್ತದ ತುದಿ ಕೊಟ್ಟರೆ ಅದರ ಕಮಾನು ಸುಮಾರು 60. ಮೂರನ್ನೂ ಒಂದೇ ಒತ್ತಿಗೆ ಮುಗಿಸುವ ಆಸೆಯಿಂದ ಕೂಡಿಸಿದರೆ ಕತ್ತರಿಸುವ ಗೆರೆ 179 ಮಿಲಿಮೀಟರಿನಷ್ಟಾಗುತ್ತದೆ, ಎಂದರೆ ಒಂದೇ ರಂಧ್ರಕ್ಕೆ ಬೇಕಾದ ಬಲದ ಹದಿನಾಲ್ಕು ಪಟ್ಟು. ಅಷ್ಟು ಬಲ ಎಲ್ಲಿಂದ ಬರಬೇಕು? ಹಿಡಿಕೆ 40 ಸೆಂಟಿಮೀಟರ್ ಉದ್ದವಿದ್ದು, ಹಲ್ಲುಗಾಲಿಯ ತ್ರಿಜ್ಯ 2 ಸೆಂಟಿಮೀಟರ್ ಇದ್ದರೆ, ಸನ್ನೆಕೋಲಿನ ನಿಯಮದಂತೆ ಕೈಬಲವು ಇಪ್ಪತ್ತು ಪಟ್ಟಾಗುತ್ತದೆ. 15 ಕಿಲೋ ಭಾರದಷ್ಟು ಎಳೆದರೆ 300 ಕಿಲೋದಷ್ಟು ಒತ್ತಡ. ಉಜ್ಜುವಿಕೆಯಲ್ಲಿ ಅದರ ಒಂದು ಪಾಲು ಹೋಗುತ್ತದೆ. ದಿನಕ್ಕೆ ನೂರು ಸಲ ಎಳೆಯಬೇಕಾದ ಭುಜವನ್ನು ನೆನೆದು ಡೈಯನ್ನು ಯೋಚಿಸಬೇಕು.

ತಗಡನ್ನು ಕತ್ತರಿಸುವ ಡೈಗಳಲ್ಲಿ ಇದಕ್ಕೊಂದು ಉಪಾಯವಿದೆ: ಪಂಚುಗಳನ್ನು ಸ್ವಲ್ಪ ಹೆಚ್ಚುಕಡಿಮೆ ಉದ್ದದಲ್ಲಿಟ್ಟು, ಒಂದರ ಹಿಂದೊಂದು ಕತ್ತರಿಸುವಂತೆ ಮಾಡುತ್ತಾರೆ. ತೊಗಲಿಗೆ ಅದು ಹೊಂದುವುದಿಲ್ಲ. ತೊಗಲಿನ ಪಂಚಿಗೆ ಚಾಕುವಿನಂಥ ಬಾಯಿಯಿದ್ದು, ಅದು ಅಡಿಯಲ್ಲಿರುವ ನೈಲಾನ್ ಹಲಗೆಗೆ ತಾಗಿ ನಿಲ್ಲುತ್ತದೆ. ಕಿರಿಯದು ತೊಗಲನ್ನು ದಾಟುವ ಹೊತ್ತಿಗೆ ಹಿರಿಯದು ಹಲಗೆಯಲ್ಲಿ ಹೂತುಹೋಗುತ್ತದೆ. ಆದುದರಿಂದ ಕೆಲಸವನ್ನು ಎರಡು ಅಥವಾ ಮೂರು ಒತ್ತುಗಳಿಗೆ ಹಂಚುವುದೇ ಜಾಣತನ: ರಂಧ್ರಗಳಿಗೆ ಒಂದು ಡೈ, ಸೀಳುಗಂಡಿಗೆ ಒಂದು, ತುದಿಗೆ ಒಂದು.

ಬಾಯಿಯ ಓರೆಯನ್ನು ಯಾವ ಕಡೆಗೆ ಕೊಡಬೇಕೆಂಬುದೂ ಮುಖ್ಯ. ತುದಿ ಕತ್ತರಿಸುವ ಡೈಯಲ್ಲಿ ಓರೆಯು ಬಿಸಾಡುವ ತುಂಡಿನ ಕಡೆಗಿರಬೇಕು. ಆಗ ಉಳಿಯುವ ಅಂಚು ನೆಟ್ಟಗೆ ನಿಲ್ಲುತ್ತದೆ. ರಂಧ್ರದ ಪಂಚಿನಲ್ಲಿ ಓರೆಯನ್ನು ಹೊರಬದಿಗೆ ಕೊಟ್ಟು, ಒಳಗಿನ ಕೊಳವೆಯನ್ನು ಮೇಲೆ ಹೋದಂತೆ ಅಗಲಗೊಳಿಸಬೇಕು. ಕತ್ತರಿಸಿದ ಬಿಲ್ಲೆಗಳು ಒಂದನ್ನೊಂದು ತಳ್ಳುತ್ತ ಮೇಲೇರಿ ಪಕ್ಕದ ಕಿಂಡಿಯಿಂದ ಉದುರಬೇಕು. ಈ ದಾರಿ ಕಟ್ಟಿಕೊಂಡರೆ ಪಂಚು ಬಿರಿಯುತ್ತದೆ.

ಅಳತೆಯನ್ನು ಕಾಯುವುದು ಅಂಚುಪಟ್ಟಿ ಮತ್ತು ತಡೆಗೂಟ. 38 ಮಿಲಿಮೀಟರ್ ಬೆಲ್ಟಿಗೆ ರಂಧ್ರದ ನಡು ಅಂಚಿನಿಂದ 19 ಮಿಲಿಮೀಟರಿನಲ್ಲಿರಬೇಕು. ಅದೇ ಡೈಯಲ್ಲಿ 32 ಮಿಲಿಮೀಟರ್ ಬೆಲ್ಟು ಮಾಡಬೇಕಾದರೆ ನಡು 16ಕ್ಕೆ ಬರಬೇಕು. ಅಂಚುಪಟ್ಟಿಗೆ 3 ಮಿಲಿಮೀಟರ್ ದಪ್ಪದ ತೆಳುಪಟ್ಟಿಯೊಂದನ್ನು ಆನಿಸಿದರೆ ಸಾಕು. ರಂಧ್ರಗಳ ಡೈ ಹೀಗೆ ಹಲವು ಅಗಲಗಳಿಗೆ ಒದಗುತ್ತದೆ. ತುದಿಯ ಡೈ ಮಾತ್ರ ಅಗಲಕ್ಕೊಂದರಂತೆ ಬೇಕು. ಇದನ್ನು ಮೊದಲೇ ತಿಳಿದರೆ ಖರ್ಚನ್ನು ಎಲ್ಲಿ ಹಿಡಿಯಬಹುದೆಂಬುದು ತಿಳಿಯುತ್ತದೆ. ರಂಧ್ರಗಳನ್ನು ಒಂದೊಂದಾಗಿ ಕೈಯಳತೆಯಿಂದ ಹಾಕುವಾಗ ಪ್ರತಿ ಅಂತರದಲ್ಲಿ ಅರ್ಧ ಮಿಲಿಮೀಟರ್ ಒಂದೇ ಕಡೆಗೆ ತಪ್ಪಿದರೂ ಏಳನೆಯ ರಂಧ್ರಕ್ಕೆ ಬರುವಷ್ಟರಲ್ಲಿ 3 ಮಿಲಿಮೀಟರ್ ತಪ್ಪಾಗಿರುತ್ತದೆ. ಡೈಯಲ್ಲಿ ಆ ತಪ್ಪು ಕೂಡುತ್ತ ಹೋಗುವುದಿಲ್ಲ.

ಡೈಗೆ ಬಳಸುವ ಉಕ್ಕಿನಲ್ಲಿ ನಮ್ಮ ವರ್ಕ್‌ಶಾಪುಗಳು ಓಎಚ್ಎನ್ಎಸ್ ಎಂದು ಕರೆಯುವ ಬಗೆ ಬಳಕೆಯಲ್ಲಿದೆ. ಅದನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಗಡುಸಾಗುತ್ತದೆ. 200 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಕಾಯಿಸಿದರೆ ಗಾಜಿನಂತೆ ಒಡೆಯುವ ಗುಣ ತಗ್ಗುತ್ತದೆ. ಆದರೆ ಬೆಲ್ಟಿನ ಮೇಲೆ ಚಿತ್ತಾರ ಒತ್ತುವ ಡೈಗೆ ಬರಿಯ ಉಕ್ಕು ಹೊಂದದು. ಚಿತ್ತಾರ ಚೆನ್ನಾಗಿ ಮೂಡುವುದು ಮರದ ತೊಗಟೆ, ಅಳಲೆಕಾಯಿಗಳಿಂದ ಹದಮಾಡಿದ ತೊಗಲಿನ ಮೇಲೆ, ಅದೂ ತುಸು ತೇವವಿರುವಾಗ. ಅಳಲೆಯ ಒಗರು ಮತ್ತು ಕಬ್ಬಿಣ ನೀರಿನಲ್ಲಿ ಕೂಡಿದರೆ ಕಪ್ಪು ಹುಟ್ಟುತ್ತದೆ. ಹಿಂದಿನವರು ಶಾಯಿ ಮಾಡುತ್ತಿದ್ದುದು ಈ ಗುಣದಿಂದಲೇ. ಅದೇ ಶಾಯಿ ಬೆಲ್ಟಿನ ಮೇಲೆ ಕಲೆಯಾಗಿ ನಿಲ್ಲಬಾರದೆಂದಿದ್ದರೆ ಚಿತ್ತಾರದ ಡೈ ಹಿತ್ತಾಳೆಯದಾಗಿರಬೇಕು.

ಇಷ್ಟೆಲ್ಲ ಅಳತೆಗಳ ನಡುವೆ ಎಲ್ಲಕ್ಕಿಂತ ಮೊದಲು ಗೊತ್ತುಮಾಡಬೇಕಾದ ಅಳತೆ ಇನ್ನೊಂದಿದೆ: ಬೆರಳಿನದು. ಪಂಚು ಮೇಲೇಳುವಾಗ ತೊಗಲು ಅದಕ್ಕೆ ಕಚ್ಚಿಕೊಂಡು ಮೇಲೇಳುತ್ತದೆ. ಅದನ್ನು ಎಡಗೈಯಿಂದ ಹಿಡಿದೆಳೆಯುವ ಅಭ್ಯಾಸದಲ್ಲಿಯೇ ಅಪಾಯವಿದೆ. ಹಲಗೆಯ ಮೇಲೆ 6 ಮಿಲಿಮೀಟರ್ ಎತ್ತರದಲ್ಲಿ ಗಟ್ಟಿಯಾದ ಉಕ್ಕಿನ ಪಟ್ಟಿಯೊಂದನ್ನು ಅಲುಗದಂತೆ ಕೂರಿಸಿ, ಅದರಲ್ಲಿ ಪಂಚು ಹಾಯುವಷ್ಟೇ ದಾರಿ ಕೊರೆದರೆ ಎರಡು ಕೆಲಸಗಳು ಒಮ್ಮೆಗೇ ಆಗುತ್ತವೆ. ಮೇಲೇಳುವ ಪಂಚಿನಿಂದ ತೊಗಲನ್ನು ಆ ಪಟ್ಟಿಯೇ ಬಿಡಿಸುತ್ತದೆ. 4 ಮಿಲಿಮೀಟರ್ ತೊಗಲು ನುಸುಳುವ ಆ ಸಂದಿನಲ್ಲಿ ಬೆರಳು ಪಂಚಿನ ಬಾಯಿಯವರೆಗೆ ಹೋಗುವುದಿಲ್ಲ. ಪಂಚು ಎಂದಿಗೂ ಪಟ್ಟಿಯಿಂದ ಮೇಲಕ್ಕೆ ಹೊರಬಾರದಂತೆ ಪ್ರೆಸ್ಸಿನ ದಂಡಕ್ಕೆ ತಡೆಯೊಂದನ್ನು ಹಾಕಬೇಕು. ಪಟ್ಟಿ ಅಡ್ಡವಿರುವುದರಿಂದ ಕತ್ತರಿಸುವ ಜಾಗ ಕಣ್ಣಿಗೆ ಕಾಣದು. ಆದರೆ ಅಂಚುಪಟ್ಟಿ, ತಡೆಗೂಟಗಳು ಸರಿಯಾಗಿದ್ದರೆ ಕಾಣಬೇಕಾದ ಅಗತ್ಯವೂ ಇಲ್ಲ. ಗುಂಡಿನ ತೋಳುಳ್ಳ ಪ್ರೆಸ್ಸಾದರೆ, ಆ ತೋಳು ಸುತ್ತುವ ವೃತ್ತದೊಳಗೆ ಯಾರೂ ನಿಲ್ಲದಂತೆ ಕಟಕಟೆ ಬೇಕು. ಆ ಗುಂಡು ಹಾಯುವ ಎತ್ತರದಲ್ಲಿ ಮಕ್ಕಳ ತಲೆಯಿರುತ್ತದೆ.

ಕಾರ್ಮಿಕರ ನಷ್ಟ ಪರಿಹಾರಕ್ಕೆಂದು 1923ರಲ್ಲಿ ಆದ ಕಾಯ್ದೆಯ ಅನುಸೂಚಿಯು ಹೆಬ್ಬೆರಳು ಹೋದರೆ ಗಳಿಕೆಯ ಶಕ್ತಿಯಲ್ಲಿ ಶೇ. 30, ತೋರುಬೆರಳು ಪೂರ್ತಿಯಾಗಿ ಹೋದರೆ ಶೇ. 14 ನಷ್ಟವೆಂದು ಎಣಿಸಿತು. ಆದರೆ ಆ ಪರಿಹಾರ ಮಾಲೀಕನಿಂದ ನೌಕರನಿಗೆ ಬರುವಂಥದು. ತನ್ನ ಮನೆಯ ಪಡಸಾಲೆಯಲ್ಲಿ ತನ್ನದೇ ಪ್ರೆಸ್ಸಿನ ಮುಂದೆ ಕುಳಿತವರಿಗೆ ಮಾಲೀಕರೂ ತಾವೇ, ನೌಕರರೂ ತಾವೇ. ಅವರು ದಾವೆ ಹೂಡುವುದಾದರೂ ಯಾರ ಮೇಲೆ? ತೊಗಲಿನ ಕೆಲಸದವರಿಗೆ ತೋರುಬೆರಳಿನ ಬೆಲೆ ಶೇ. 14ಕ್ಕಿಂತ ಬಹಳ ಹೆಚ್ಚೆಂಬುದನ್ನು ಯಾವ ಅನುಸೂಚಿಯೂ ಹೇಳಬೇಕಾಗಿಲ್ಲ. ಬಾಲಕಾರ್ಮಿಕ ಕಾಯ್ದೆಯು 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದನ್ನು ನಿಷೇಧಿಸುತ್ತದೆ. ಶಾಲೆಯ ವೇಳೆ ಮುಗಿದ ಮೇಲೆ ಅಥವಾ ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗಲು ಅವಕಾಶವಿದ್ದರೂ ಅದು ಅಪಾಯಕಾರಿ ಕೆಲಸವಾಗಿರಬಾರದು. ನಕಾಶೆ ಬರೆಯುವುದು, ರಟ್ಟು ಕತ್ತರಿಸುವುದು, ಪರಿಧಿಯ ಲೆಕ್ಕ ಹಾಕುವುದು ಮಕ್ಕಳಿಗೆ ಒಪ್ಪುವ ಕೆಲಸ. ಪ್ರೆಸ್ಸಿನ ಹಿಡಿಕೆ ದೊಡ್ಡವರ ಕೈಯಲ್ಲಿಯೇ ಇರಲಿ.

ಡೈ ಮಾಡುವವರಿಗೆ ಹಣ ಕೊಟ್ಟ ಮಾತ್ರಕ್ಕೆ ಅವರು ಬರೆದ ನಕಾಶೆಯ ಹಕ್ಕು ತಾನಾಗಿ ಬರುವುದಿಲ್ಲ. ಸಾಮಾನ್ಯವಾಗಿ ಬರೆದವರೇ ಅದರ ಮೊದಲ ಒಡೆಯರು. ಆದುದರಿಂದ ನಕಾಶೆಯನ್ನು ಕಸುಬುದಾರರೇ ಬರೆಯುವುದು, ಇಲ್ಲವೇ ಹಕ್ಕು ತಮ್ಮದೆಂದು ಕರಾರಿನಲ್ಲಿ ಬರೆಸಿ ಸಹಿ ಪಡೆಯುವುದು ಒಳಿತು. 2000ದ ವಿನ್ಯಾಸ ಕಾಯ್ದೆಯಡಿ ಹೊಸ ಚಿತ್ತಾರವನ್ನು ನೋಂದಾಯಿಸಿದರೆ 10 ವರ್ಷ, ಮುಂದೆ ಇನ್ನೂ 5 ವರ್ಷ ರಕ್ಷಣೆಯುಂಟು. ಆದರೆ ಮಾರುಕಟ್ಟೆಗೆ ಬಿಡುವ ಮುನ್ನವೇ ಅರ್ಜಿ ಹಾಕಬೇಕು. ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ಆಕೃತಿಯನ್ನು ಕೈಗಾರಿಕಾ ವಿಧಾನದಿಂದ 50ಕ್ಕೂ ಹೆಚ್ಚು ಸಲ ವಸ್ತುಗಳ ಮೇಲೆ ಮೂಡಿಸಿದರೆ ಅದರ ಕೃತಿಸ್ವಾಮ್ಯವೂ ಮುಗಿದುಹೋಗುತ್ತದೆ. ಪ್ರೆಸ್ಸಿದ್ದವರಿಗೆ 50 ಬೆಲ್ಟು ಕೆಲವೇ ದಿನಗಳ ಕೆಲಸ. ಕಸೂತಿಯ ಗೋಪುರದಂಥ ಹಳೆಯ ಆಕೃತಿಗಳು ಎಲ್ಲರ ಸೊತ್ತು. ಅವನ್ನು ಇದ್ದಂತೆಯೇ ಒತ್ತಿ ತನ್ನದೆನ್ನಲಾಗದು. ರಂಧ್ರ ಕೊರೆಯುವ ಯಾಂತ್ರಿಕ ಜೋಡಣೆಯೂ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ.

ಡೈ ಮಾಡಲು ಕೊಡುವಾಗ ಒಂದೇ ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಡುವುದು ರೂಢಿಯಾಗಬೇಕು: ತೊಗಲಿನ ದಪ್ಪ, ಬೆಲ್ಟಿನ ಅಗಲಗಳು, ರಂಧ್ರದ ವ್ಯಾಸ ಮತ್ತು ಅಂತರ, ಓರೆಯ ದಿಕ್ಕು, ಉಕ್ಕಿನ ಬಗೆ, ಪ್ರೆಸ್ಸಿನ ದಂಡದ ಅಳತೆ, ನಕಾಶೆಯ ಹಕ್ಕು. ಆ ಹಾಳೆಯ ಮೊದಲ ಸಾಲಿನಲ್ಲಿ ಮಾತ್ರ ಸಂದು 6 ಮಿಲಿಮೀಟರಿಗೆ ಮೀರಬಾರದೆಂದು ಬರೆದಿರಬೇಕು.