ಬೆಕ್ಕಿನ ಮರಿ ಒಂದು ತರಬೇಕೋ, ಜೋಡಿ ತರಬೇಕೋ? ಫಾರ್ವರ್ಡ್ ಸಂದೇಶಗಳು ಹೇಳದೆ ಬಿಟ್ಟ ಲೆಕ್ಕ

ಬೆಕ್ಕು ಸಾಕುವ ಬಗ್ಗೆ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಒಂದರ ಪ್ರಕಾರ ಒಂಟಿ ಮರಿಯನ್ನು ಮನೆಗೆ ತರಲೇಬಾರದು. ತಂದರೆ ಅದು ಕೊರಗಿ ಸಾಯುತ್ತದೆ, ಇಲ್ಲವೇ ಕಚ್ಚುವ ಬೆಕ್ಕಾಗಿ ಬೆಳೆಯುತ್ತದೆ. ಇನ್ನೊಂದರ ಪ್ರಕಾರ ಜೋಡಿ ತರಲೇಬಾರದು. ತಂದರೆ ಎರಡೂ ಆಟದಲ್ಲಿ ಮುಳುಗಿ ಒಂದು ಇಲಿಯನ್ನೂ ಹಿಡಿಯುವುದಿಲ್ಲ. ಎರಡನ್ನೂ ಎಲ್ಲರಿಗೂ ಕಳಿಸಿ ಎಂಬ ಒತ್ತಾಯ ಮಾತ್ರ ಒಂದೇ.

ಎರಡರಲ್ಲೂ ಚೂರು ನಿಜವಿದೆ, ಬಹುಪಾಲು ಉತ್ಪ್ರೇಕ್ಷೆ ಇದೆ. ಅವಸರದಲ್ಲಿರುವವರಿಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇವೆ. ಎಂಟು ವಾರ ತುಂಬಿದ ಮರಿಯಾದರೆ, ದಿನವಿಡೀ ಜನರಿರುವ ಮನೆಯಲ್ಲಿ ಒಂದೇ ಮರಿ ಚೆನ್ನಾಗಿ ಬೆಳೆಯುತ್ತದೆ. ಬಹಳ ಹೊತ್ತು ಬಾಗಿಲು ಹಾಕಿರುವ ಮನೆಗೆ ಒಂದೇ ಸೂಲಿನ ಎರಡು ಮರಿಗಳು ಒಳ್ಳೆಯದು. ಆದರೆ ಜೋಡಿ ತರುವವರು ಐದು ತಿಂಗಳೊಳಗೆ ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲು ಸಿದ್ಧರಿರಬೇಕು. ಅದು ಆಗದು ಎನ್ನುವುದಾದರೆ ಒಂದೇ ಸಾಕು. ಯಾಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಅನಗವಾಡಿಯ ಮನೆಗೂ ನಗರದ ಫ್ಲ್ಯಾಟಿಗೂ ಒಂದೇ ಸಲಹೆ ಹೊಂದದು

ಜೋಡಿಯೇ ತನ್ನಿ ಎಂಬ ಸಲಹೆ ಹೆಚ್ಚಾಗಿ ಬರುವುದು ವಿದೇಶಿ ವೆಬ್‌ಸೈಟುಗಳಿಂದ. ಅಲ್ಲಿಯ ಬಹಳಷ್ಟು ಬೆಕ್ಕುಗಳು ಮುಚ್ಚಿದ ಬಾಗಿಲ ಹಿಂದೆ ಬದುಕುತ್ತವೆ. ಮನೆಯವರು ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಅಷ್ಟು ಹೊತ್ತು ಒಂಟಿಯಾಗಿರುವ ಮರಿಗೆ ಜೊತೆಗಾರ ಬೇಕು ಎನ್ನುವುದು ಸರಿಯೇ.

ಬೀಳಗಿ ತಾಲೂಕಿನಲ್ಲಿ, ಘಟಪ್ರಭಾ ದಂಡೆಯ ಮೇಲಿರುವ ಅನಗವಾಡಿಯಂಥ ಊರನ್ನು ತೆಗೆದುಕೊಳ್ಳಿ. ಈ ಭಾಗದಲ್ಲಿ ಹೊಲದಲ್ಲಿ ಕಬ್ಬು, ಮನೆಯಲ್ಲಿ ಜೋಳದ ಚೀಲ. ಬೆಕ್ಕು ಬೇಕಾಗುವುದು ಮುದ್ದಿಗಿಂತ ಮೊದಲು ಇಲಿಯ ಕಾಟಕ್ಕೆ. ಮರಿಯನ್ನು ಯಾರೂ ಕೊಳ್ಳುವುದಿಲ್ಲ. ಪಕ್ಕದ ಓಣಿಯಲ್ಲಿ ಬೆಕ್ಕು ಮರಿ ಹಾಕಿದೆ ಎಂದು ತಿಳಿದರೆ ಹೋಗಿ ತರುತ್ತಾರೆ. ಮನೆಯಲ್ಲಿ ಅಜ್ಜಿ ಇರುತ್ತಾಳೆ, ಮಕ್ಕಳಿರುತ್ತಾರೆ, ಹಿತ್ತಲಲ್ಲಿ ಎಮ್ಮೆ ಇರುತ್ತದೆ. ಇಂಥ ಮನೆಗೆ ಬಂದ ಮರಿ ಒಂಟಿ ಎನ್ನುವುದು ಹೆಸರಿಗೆ ಮಾತ್ರ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಬೇರೆ: ಮರಿಗೆ ಎಷ್ಟು ವಾರ ಆಗಿದೆ? ಅದಕ್ಕೆ ಏನು ತಿನ್ನಿಸುತ್ತೀರಿ? ಅದು ದೊಡ್ಡದಾದ ಮೇಲೆ ಏನು ಮಾಡುತ್ತೀರಿ?

ಒಂಟಿ ಮರಿ ಕೊರಗಿ ಸಾಯುತ್ತದೆಯೇ?

ಇಲ್ಲ. ನಮ್ಮ ಮನೆಯ ಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಕಾಡುಬೆಕ್ಕು. ಅದು ಒಂಟಿಯಾಗಿ ತಿರುಗಿ ಒಂಟಿಯಾಗಿಯೇ ಬೇಟೆಯಾಡುವ ಪ್ರಾಣಿ. ಮನುಷ್ಯ ಕಾಳು ಕೂಡಿಡಲು ಕಲಿತ ಮೇಲೆ ಇಲಿಗಳ ಬೆನ್ನು ಹತ್ತಿ ಅದು ಊರಿಗೆ ಬಂತು. ಊಟ ಹೇರಳವಾಗಿರುವ ಕಡೆ ಬೆಕ್ಕುಗಳು ಗುಂಪಾಗಿಯೂ ಇರಬಲ್ಲವು, ಆದರೆ ಜೊತೆಯಿಲ್ಲದೆ ಬದುಕಲಾರದ ಜೀವಿ ಅವಲ್ಲ.

ಹಾಗಾದರೆ ಮನೆಗೆ ತಂದ ಪುಟ್ಟ ಮರಿ ನಾಲ್ಕೇ ದಿನಕ್ಕೆ ಮಂಕಾಗಿ ಸಾಯುವುದು ಏಕೆ? ಸಾಮಾನ್ಯ ಕಾರಣಗಳು ಇವು: ಹಾಲು ಬಿಡುವ ಮೊದಲೇ ತಾಯಿಯಿಂದ ಬೇರೆ ಮಾಡಿರುವುದು, ಮೈ ತಣ್ಣಗಾಗುವುದು, ಆಕಳು ಅಥವಾ ಎಮ್ಮೆ ಹಾಲು ಜೀರ್ಣವಾಗದೆ ಭೇದಿಯಾಗುವುದು, ಹೊಟ್ಟೆಯಲ್ಲಿ ಜಂತು, ಮತ್ತು ಪ್ಯಾನ್‌ಲ್ಯೂಕೋಪೀನಿಯಾ ಎಂಬ ವೈರಸ್ ರೋಗ. ಈ ರೋಗ ಬಂದ ಮರಿ ತಿನ್ನುವುದು ಬಿಟ್ಟು, ವಾಂತಿ ಭೇದಿಯಾಗಿ ಬೇಗ ಸಾಯುತ್ತದೆ. ಇವುಗಳಲ್ಲಿ ಯಾವುದೂ ಜೊತೆಗೆ ಇನ್ನೊಂದು ಮರಿ ತಂದರೆ ತಪ್ಪುವುದಿಲ್ಲ. ವೈರಸ್ ಇದ್ದರೆ ಎರಡೂ ಸಾಯಬಹುದು.

‘ಒಂಟಿ ಮರಿ ಕಚ್ಚುತ್ತದೆ’ ಎಂಬುದರಲ್ಲಿ ಎಷ್ಟು ನಿಜ?

ಇದರಲ್ಲಿ ಸ್ವಲ್ಪ ನಿಜವಿದೆ. ಮರಿಗಳು ಆಡುವಾಗ ಒಂದನ್ನೊಂದು ಕಚ್ಚುತ್ತವೆ. ಜೋರಾಗಿ ಕಚ್ಚಿಸಿಕೊಂಡ ಮರಿ ಕಿರುಚಿ ಆಟ ನಿಲ್ಲಿಸುತ್ತದೆ. ಹೀಗೆ ಹಲ್ಲು ಎಷ್ಟು ಊರಬೇಕು ಎಂಬುದನ್ನು ಅವು ಒಡಹುಟ್ಟಿದವುಗಳಿಂದ ಮತ್ತು ತಾಯಿಯಿಂದ ಕಲಿಯುತ್ತವೆ. ಇಂಟರ್ನೆಟ್‌ನಲ್ಲಿ ಇದಕ್ಕೆ ‘ಸಿಂಗಲ್ ಕಿಟನ್ ಸಿಂಡ್ರೋಮ್’ ಎಂದು ಹೆಸರಿಟ್ಟಿದ್ದಾರೆ. ಕೇಳಲು ರೋಗದ ಹೆಸರಿನಂತಿದ್ದರೂ ಇದು ಪಶುವೈದ್ಯಶಾಸ್ತ್ರ ಗುರುತಿಸಿದ ರೋಗವಲ್ಲ.

ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಇರುವುದು ಮರಿಯ ವಯಸ್ಸಿನ ಬಗ್ಗೆ. ಫಿನ್‌ಲ್ಯಾಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು 5,700 ಬೆಕ್ಕುಗಳ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟಿಸಿದರು. ಎಂಟು ವಾರ ತುಂಬುವ ಮೊದಲೇ ತಾಯಿಯಿಂದ ಬೇರೆಯಾದ ಬೆಕ್ಕುಗಳಲ್ಲಿ ಸಿಟ್ಟಿನ ವರ್ತನೆ ಹೆಚ್ಚು ಕಂಡಿತು. 14 ವಾರದವರೆಗೆ ತಾಯಿಯ ಜೊತೆ ಇದ್ದವು ಇನ್ನೂ ಶಾಂತವಾಗಿದ್ದವು.

ಅಂದರೆ ನಾಲ್ಕು ವಾರದ ಎರಡು ಮರಿ ತರುವುದಕ್ಕಿಂತ ಹತ್ತು ವಾರದ ಒಂದು ಮರಿ ತರುವುದು ಮೇಲು. ಕಣ್ಣು ಬಿಟ್ಟು ಓಡಾಡತೊಡಗಿದ ಕೂಡಲೇ ಮರಿಗಳನ್ನು ಹಂಚಿಬಿಡುವ ರೂಢಿ ನಮ್ಮಲ್ಲಿದೆ. ತರುವವರು ಇಷ್ಟು ಹೇಳಿದರೆ ಸಾಕು: ‘ಈ ಮರಿ ನಮಗಿರಲಿ, ಇನ್ನೊಂದು ತಿಂಗಳು ತಾಯಿ ಹತ್ರಾನೇ ಬಿಡ್ರಿ.’ ಆ ಒಂದು ತಿಂಗಳಲ್ಲಿ ದಿನಾ ಹೋಗಿ ಮರಿಯನ್ನು ಎತ್ತಿ ಆಡಿಸಿ ಬನ್ನಿ. ಎರಡರಿಂದ ಏಳು ವಾರದೊಳಗೆ ಮನುಷ್ಯರ ಕೈ ಕಂಡ ಮರಿ ಮುಂದೆ ಮನುಷ್ಯರಿಗೆ ಹೆದರುವುದು ಕಡಿಮೆ.

ಒಂಟಿ ಮರಿಯನ್ನು ಆಡಿಸುವಾಗ ಬೆರಳು ಕೊಡಬೇಡಿ. ದಾರಕ್ಕೆ ಕಟ್ಟಿದ ಬಟ್ಟೆ ತುಂಡು, ಕಾಗದದ ಉಂಡೆ ಸಾಕು. ಆಟ ಮುಗಿದ ಮೇಲೆ ದಾರ ಎತ್ತಿಡಿ. ನುಂಗಿದರೆ ಕರುಳಿಗೆ ಅಪಾಯ.

ಜೋಡಿ ತಂದರೆ ಇಲಿ ಹಿಡಿಯುವುದಿಲ್ಲವೇ?

ಇದು ಸುಳ್ಳು. ಬೆಕ್ಕು ಎರಡಿದ್ದರೂ ಬೇಟೆಯ ಹೊತ್ತಿಗೆ ಪ್ರತಿಯೊಂದೂ ತನ್ನ ಪಾಡಿಗೆ ಹೊಂಚು ಹಾಕುತ್ತದೆ. ಹೊಟ್ಟೆ ತುಂಬಿದ ಬೆಕ್ಕು ಇಲಿ ಹಿಡಿಯದು ಎಂದು ಉಪವಾಸ ಕೆಡಹುವುದೂ ತಪ್ಪು. ಬೇಟೆಯ ಸ್ವಭಾವ ಹಸಿವೊಂದರ ಮೇಲೆ ನಿಂತಿಲ್ಲ. ಊಟ ಮಾಡುತ್ತಿರುವ ಬೆಕ್ಕು ಕೂಡ ಇಲಿ ಕಂಡರೆ ಎದ್ದು ಹೋಗುತ್ತದೆ.

ಆದರೆ ನಿರೀಕ್ಷೆಗೂ ಮಿತಿ ಇರಲಿ. ಬೆಕ್ಕು ಚಿಕ್ಕ ಇಲಿಗೆ ಸರಿ, ಹೆಗ್ಗಣಕ್ಕೆ ಅಷ್ಟಕ್ಕಷ್ಟೇ. ನ್ಯೂಯಾರ್ಕಿನ ಬ್ರೂಕ್ಲಿನ್‌ನ ಕಸ ಮರುಬಳಕೆ ಘಟಕವೊಂದರಲ್ಲಿ 79 ದಿನ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅಷ್ಟೂ ದಿನದಲ್ಲಿ ಅಲ್ಲಿಯ ಬೆಕ್ಕುಗಳು ಕೊಂದದ್ದು ಎರಡೇ ದೊಡ್ಡ ಇಲಿ. ಬೆಕ್ಕು ಕಂಡಾಗ ಇಲಿಗಳು ಅಡಗಿಕೊಂಡವು, ಅಷ್ಟೇ. ನಮ್ಮ ಹೆಗ್ಗಣ ಆ ಇಲಿಗಿಂತಲೂ ದೊಡ್ಡದಾಗಿ ಬೆಳೆಯುತ್ತದೆ. ಕಾಳಿನ ಚೀಲವನ್ನು ನೆಲದಿಂದ ಎತ್ತರದಲ್ಲಿ ಇಡುವುದು, ಬಿಲ ಮುಚ್ಚುವುದು, ಮುಚ್ಚಳವಿರುವ ಡಬ್ಬಿ ಬಳಸುವುದು ಇವನ್ನು ಬೆಕ್ಕು ತಂದ ಮೇಲೂ ಬಿಡುವಂತಿಲ್ಲ. ಮನೆಯಲ್ಲಿ ಇಲಿ ಪಾಷಾಣ ಮಾತ್ರ ಇಡಬೇಡಿ. ವಿಷ ತಿಂದ ಇಲಿಯನ್ನು ತಿಂದು ಬೆಕ್ಕೂ ಸಾಯಬಹುದು.

ಹಾಲು, ರೊಟ್ಟಿ ಸಾಕೇ?

ಸಾಲದು. ಒಂದೋ ಎರಡೋ ಎಂದು ತೀರ್ಮಾನಿಸುವಾಗ ಹೆಚ್ಚಿನವರು ಮರೆಯುವುದು ಇದನ್ನೇ. ಬೆಕ್ಕು ಮಾಂಸಾಹಾರಿ. ಟಾರಿನ್ ಎಂಬ ಪೋಷಕಾಂಶ ಅದಕ್ಕೆ ಸಿಗುವುದು ಮಾಂಸದಿಂದ; ಜೋಳ, ಅನ್ನ, ಬೇಳೆಯಲ್ಲಿ ಅದು ಇಲ್ಲ, ಹಾಲಿನಲ್ಲಿ ಇರುವುದು ಅತಿ ಕಡಿಮೆ. ಟಾರಿನ್ ಕೊರತೆಯಾದರೆ ಬೆಕ್ಕಿನ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆ. ಹೃದಯದ ಸ್ನಾಯು ಸೋಲುತ್ತದೆ ಎಂಬುದನ್ನು 1987ರಲ್ಲಿ ಅಮೆರಿಕದ ಪಶುವೈದ್ಯರು ತೋರಿಸಿಕೊಟ್ಟರು.

ಇಲಿ ತಿನ್ನುತ್ತದಲ್ಲ ಎನ್ನಬಹುದು. ಲೆಕ್ಕ ನೋಡಿ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ ಬೇಕಾದದ್ದು ಸುಮಾರು 200ರಿಂದ 250 ಕಿಲೋ ಕ್ಯಾಲೊರಿ. ಒಂದು ಚಿಕ್ಕ ಇಲಿಯಿಂದ ಸಿಗುವುದು ಸುಮಾರು 30. ಅಂದರೆ ಒಂದು ಬೆಕ್ಕಿಗೆ ದಿನಕ್ಕೆ ಏಳೆಂಟು ಇಲಿ, ಜೋಡಿಗೆ ಹದಿನೈದು. ದಿನಾ ಹದಿನೈದು ಇಲಿ ಸಿಗುವ ಮನೆ ಎಲ್ಲಿದೆ? ಉಳಿದದ್ದನ್ನು ನೀವೇ ಕೊಡಬೇಕು. ಮಾಂಸ, ಮೀನು ಮಾಡುವ ಮನೆಯಾದರೆ ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿದ ತುಂಡು ಎತ್ತಿಡಬಹುದು. ಸಸ್ಯಾಹಾರಿ ಮನೆಯಾದರೆ ಅಂಗಡಿಯಲ್ಲಿ ಸಿಗುವ ಬೆಕ್ಕಿನ ಆಹಾರವೇ ದಾರಿ. ಅದಕ್ಕೆ ಟಾರಿನ್ ಸೇರಿಸಿರುತ್ತಾರೆ. ನಾಯಿಯ ಆಹಾರ ಬೆಕ್ಕಿಗೆ ಸಾಲದು. ತಿಂಗಳ ಖರ್ಚಿನಲ್ಲಿ ಇದನ್ನು ಒಂದಕ್ಕೆ ಕೊಡಬಲ್ಲೆವೋ, ಎರಡಕ್ಕೋ ಎಂದು ಮೊದಲೇ ಯೋಚಿಸಿ.

ಜೋಡಿಯ ನಿಜವಾದ ಅಪಾಯ: ಎರಡು ಆರಾಗುವುದು

ಒಡಹುಟ್ಟಿದ ಗಂಡು-ಹೆಣ್ಣು ಕೂಡುವುದಿಲ್ಲ ಎಂಬ ನಂಬಿಕೆ ತಪ್ಪು. ಬೆಕ್ಕಿಗೆ ಆ ಸಂಬಂಧದ ಲೆಕ್ಕವಿಲ್ಲ. ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಗರ್ಭ ಧರಿಸಬಲ್ಲದು. ಗರ್ಭದ ಅವಧಿ ಸುಮಾರು ಒಂಬತ್ತು ವಾರ, ಒಂದು ಸೂಲಿಗೆ ಸಾಮಾನ್ಯವಾಗಿ ಮೂರರಿಂದ ಐದು ಮರಿ. ಎರಡು ತಿಂಗಳ ಜೋಡಿಯನ್ನು ದೀಪಾವಳಿಗೆ ತಂದರೆ ಯುಗಾದಿ ದಾಟುವಷ್ಟರಲ್ಲಿ ಮನೆಯಲ್ಲಿ ಆರು ಬೆಕ್ಕು ಇರಬಹುದು. ಮರಿಗೆ ಹಾಲೂಡಿಸುತ್ತಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಲ್ಲದು.

ಇದಕ್ಕೆ ಸಂಬಂಧಿಸಿದ ಇನ್ನೊಂದು ಫಾರ್ವರ್ಡ್ ಇದೆ: ಒಂದು ಜೋಡಿ ಬೆಕ್ಕು ಏಳು ವರ್ಷದಲ್ಲಿ 4,20,000 ಆಗುತ್ತದೆ ಎಂಬುದು. ಇದನ್ನು ನಂಬಬೇಡಿ. ಹುಟ್ಟಿದ ಪ್ರತಿ ಮರಿಯೂ ಬದುಕುತ್ತದೆ ಎಂದುಕೊಂಡು ಮಾಡಿದ ಗುಣಾಕಾರ ಅದು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬೀದಿ ಬೆಕ್ಕುಗಳ 169 ಮರಿಗಳನ್ನು ಗಮನಿಸಿದಾಗ ಆರು ತಿಂಗಳೊಳಗೆ 127 ಸತ್ತಿದ್ದವು ಅಥವಾ ಕಾಣೆಯಾಗಿದ್ದವು. ಸಂಖ್ಯೆ ಲಕ್ಷಕ್ಕೆ ಏರದಿರುವ ಕಾರಣ ಮರಿಗಳ ಈ ಸಾವು. ಶಸ್ತ್ರಚಿಕಿತ್ಸೆ ಮಾಡಿಸದ ಜೋಡಿಯ ಮರಿಗಳಿಗೆ ಕಾದಿರುವುದೂ ಇದೇ: ನಾಯಿ, ವಾಹನ, ರೋಗ, ಇಲ್ಲವೇ ಊರ ಹೊರಗೆ ಬಿಟ್ಟುಬಂದ ಚೀಲ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಬಿಟ್ಟುಬರುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

ಎರಡೂ ಗಂಡು ತಂದರೆ ಸಮಸ್ಯೆ ಇಲ್ಲವೇ? ಮನೆಯಲ್ಲಿ ಮರಿ ಹುಟ್ಟುವುದಿಲ್ಲ. ಆದರೆ ಬೆಳೆದ ಮೇಲೆ ಅವು ಊರೆಲ್ಲ ಅಲೆಯುತ್ತವೆ, ಕಾದಾಡಿ ಗಾಯ ಮಾಡಿಕೊಳ್ಳುತ್ತವೆ, ಮನೆಯ ಮೂಲೆಗಳಲ್ಲಿ ಮೂತ್ರ ಚಿಮ್ಮಿಸುತ್ತವೆ. ಅದಕ್ಕೂ ಶಸ್ತ್ರಚಿಕಿತ್ಸೆಯೇ ಪರಿಹಾರ.

ಲಸಿಕೆಯ ವಿಷಯದಲ್ಲಿ ರಿಯಾಯಿತಿ ಇಲ್ಲ

ಬೆಕ್ಕಿನಿಂದಲೂ ರೇಬೀಸ್ ಬರಬಹುದು. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗದಿಂದ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ. ಮರಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ. ಪ್ಯಾನ್‌ಲ್ಯೂಕೋಪೀನಿಯಾ ಸೇರಿದ ಇತರ ರೋಗಗಳ ಲಸಿಕೆ ಆರರಿಂದ ಎಂಟು ವಾರಕ್ಕೇ ಶುರುವಾಗುತ್ತದೆ. ಎರಡು ಮರಿ ಎಂದರೆ ಎಲ್ಲವೂ ಎರಡೆರಡು.

ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಖಾರದ ಪುಡಿ, ಸುಣ್ಣ, ಅರಿಶಿನ ಹಚ್ಚಬೇಡಿ. ಬೆಕ್ಕಿಗೆ ಜ್ವರ ಬಂದಂತೆ ಕಂಡರೆ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಅದು ಬೆಕ್ಕಿಗೆ ವಿಷ.

ನಾಯಿಯ ಸಲಹೆ ಬೆಕ್ಕಿಗೆ ಅನ್ವಯಿಸಬೇಡಿ

ಒಂದೇ ಸೂಲಿನ ಎರಡು ನಾಯಿಮರಿ ಒಟ್ಟಿಗೆ ಸಾಕಬೇಡಿ ಎಂದು ನಾಯಿ ತರಬೇತುದಾರರು ಹೇಳುವುದುಂಟು. ಆ ಮಾತನ್ನೇ ಬೆಕ್ಕಿಗೂ ಹೇಳುವವರಿದ್ದಾರೆ. ಬೆಕ್ಕಿನಲ್ಲಿ ಇದು ತಿರುವುಮುರುವು: ಜೋಡಿ ಬೇಕೆಂದರೆ ಒಡಹುಟ್ಟಿದ ಮರಿಗಳೇ ಅತ್ಯುತ್ತಮ, ಬೇರೆ ಬೇರೆ ಕಡೆಯ ಎರಡು ದೊಡ್ಡ ಬೆಕ್ಕುಗಳನ್ನು ಒಗ್ಗಿಸುವುದು ಕಷ್ಟ. ಪಕ್ಕದ ಮುಧೋಳ ಸೀಮೆಯ ಬೇಟೆನಾಯಿ ಮನೆಯಲ್ಲಿದ್ದರೆ ಇನ್ನೊಂದು ಎಚ್ಚರಿಕೆ. ಓಡುವ ಚಿಕ್ಕ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವುದು ಅದರ ರಕ್ತದಲ್ಲೇ ಇದೆ. ಮರಿ ಒಂದಿರಲಿ ಎರಡಿರಲಿ, ಹತ್ತಿ ಕೂರಲು ಎತ್ತರದ ಜಾಗ ಬೇಕೇ ಬೇಕು.

ಹಾಗಾದರೆ ನಿಮ್ಮ ಮನೆಗೆ ಎಷ್ಟು?

ಒಂದು ಸಾಕು:
- ಹಗಲೆಲ್ಲ ಮನೆಯಲ್ಲಿ ಯಾರಾದರೂ ಇರುತ್ತಾರೆ, ಮರಿಯ ಜೊತೆ ಆಡಲು ಸಮಯವಿದೆ.
- ಎರಡು ಬೆಕ್ಕಿನ ಊಟ, ಲಸಿಕೆ, ಶಸ್ತ್ರಚಿಕಿತ್ಸೆಯ ಖರ್ಚು ಭಾರವಾಗುತ್ತದೆ.
- ಮನೆಯಲ್ಲಿ ಈಗಾಗಲೇ ವಯಸ್ಸಾದ ಬೆಕ್ಕಿದೆ.

ಜೋಡಿ ಒಳ್ಳೆಯದು:
- ಮನೆ ಬಹಳ ಹೊತ್ತು ಖಾಲಿ ಇರುತ್ತದೆ, ಬೆಕ್ಕು ಒಳಗೇ ಇರಬೇಕು.
- ಒಂದೇ ಸೂಲಿನ, ಎಂಟು ವಾರ ದಾಟಿದ ಮರಿಗಳು ಸಿಗುತ್ತಿವೆ.
- ಐದು ತಿಂಗಳೊಳಗೆ ಎರಡಕ್ಕೂ ಶಸ್ತ್ರಚಿಕಿತ್ಸೆ ಮಾಡಿಸುವುದು ಖಚಿತ.

ತಾಲೂಕಿನ ಪಶು ಆಸ್ಪತ್ರೆಗಳಲ್ಲಿ ಹೆಚ್ಚಿನ ಕೆಲಸ ದನ, ಎಮ್ಮೆ, ಕುರಿಗಳದ್ದು. ಆದ್ದರಿಂದ ಬೆಕ್ಕಿನ ಶಸ್ತ್ರಚಿಕಿತ್ಸೆ ಅಲ್ಲೇ ಆಗುತ್ತದೆಯೋ, ಜಿಲ್ಲಾ ಕೇಂದ್ರಕ್ಕೆ ಹೋಗಬೇಕೋ ಎಂದು ಮರಿ ತರುವ ಮೊದಲೇ ವಿಚಾರಿಸಿಕೊಳ್ಳಿ. ಒಂದೇ ಹೆಣ್ಣು ಮರಿ ತಂದರೂ ಇದು ತಪ್ಪದು, ಏಕೆಂದರೆ ಓಣಿಯಲ್ಲಿ ಗಂಡು ಬೆಕ್ಕು ಇದ್ದೇ ಇರುತ್ತದೆ.

ಮುಂದಿನ ಬಾರಿ ಒಂಟಿ ಮರಿ ಸಾಯುತ್ತದೆ ಎಂಬ ಸಂದೇಶ ಬಂದಾಗ ಅದನ್ನು ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳಿ: ಮರಿಗೆ ಎಂಟು ವಾರ ತುಂಬಿದೆಯೇ? ಆ ಪ್ರಶ್ನೆ ನಾಲ್ಕು ಗ್ರೂಪಿಗೆ ಹೋದರೆ ಎಷ್ಟೋ ಮರಿಗಳು ಇನ್ನೊಂದು ತಿಂಗಳು ತಾಯಿಯ ಮಗ್ಗುಲಲ್ಲೇ ಉಳಿದಾವು.