ವಾಕರ್ ಕೋರುವ ಅರ್ಜಿದಾರರಿಗೆ: ಕೈ ಮತ್ತು ಭುಜಗಳ ಅಳತೆ ಏಕೆ?

ನಡೆಯಲು ತೊಂದರೆಯುಳ್ಳ ವಿಕಲಚೇತನರಿಗೆ ಕೇಂದ್ರ ಸರ್ಕಾರದ ಅಡಿಪ್ ಯೋಜನೆಯಡಿ ಹಾಗೂ ಅರ್ಹ ಹಿರಿಯ ನಾಗರಿಕರಿಗೆ 2017ರಲ್ಲಿ ಆರಂಭವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಡಿ ಒದಗಿಸಲಾಗುವ ಸಾಧನ ಸಲಕರಣೆಗಳಲ್ಲಿ ವಾಕರ್ ಸಹ ಒಂದು. ವಿತರಣೆಗೆ ಮುನ್ನ ನಡೆಯುವ ತಪಾಸಣಾ ಶಿಬಿರಕ್ಕೆ ಅರ್ಜಿದಾರರ ಬದಲು ಮನೆಯವರು ಬಂದು, ಕಾಲಿನ ತೊಂದರೆಗೆ ಕೈಯ ಅಳತೆ ಏಕೆಂದು ಕೇಳುವುದುಂಟು. ಪ್ರಶ್ನೆ ಸಹಜವಾದುದರಿಂದ ಈ ವಿವರಣೆ ನೀಡಲಾಗಿದೆ.

ವಾಕರ್ ಹಿಡಿದು ನಡೆಯುವಾಗ ಕಾಲು ಹೊರಲಾರದ ಭಾರವನ್ನು ಕೈಗಳು ಹೊರುತ್ತವೆ. ಉದಾಹರಣೆಗೆ, 60 ಕಿ.ಗ್ರಾಂ ತೂಕದ ವ್ಯಕ್ತಿಯು ಶಸ್ತ್ರಚಿಕಿತ್ಸೆಯಾದ ಕಾಲಿನ ಮೇಲೆ 20 ಕಿ.ಗ್ರಾಂಗಿಂತ ಹೆಚ್ಚು ಭಾರ ಹಾಕಬಾರದೆಂದು ವೈದ್ಯರು ಸೂಚಿಸಿದ್ದಾರೆಂದು ಭಾವಿಸೋಣ. ಮತ್ತೊಂದು ಕಾಲನ್ನು ಎತ್ತಿ ಮುಂದಿಡುವ ಕ್ಷಣದಲ್ಲಿ ಉಳಿದ 40 ಕಿ.ಗ್ರಾಂ ಅಂಗೈಗಳ ಮೂಲಕವೇ ವಾಕರ್‌ಗೆ ಇಳಿಯಬೇಕು. ಅಂದರೆ ಪ್ರತಿ ಕೈಗೆ ಸುಮಾರು 20 ಕಿ.ಗ್ರಾಂ. ಜಮಾ-ಖರ್ಚಿನ ಪುಸ್ತಕದಂತೆ, ಒಂದು ಕಡೆ ಕಳೆದದ್ದು ಇನ್ನೊಂದು ಕಡೆ ಕಾಣಿಸಲೇಬೇಕು.

ಪ್ರಯೋಗಾಲಯಗಳಲ್ಲಿ ಇದನ್ನು ನಿಖರವಾಗಿ ಅಳೆಯುತ್ತಾರೆ. ವಾಕರ್‌ನ ಹಿಡಿಕೆ ಅಥವಾ ಕಾಲುಗಳಲ್ಲಿ ಅಳವಡಿಸಿದ ಲೋಡ್ ಸೆಲ್‌ಗಳು ಬಲವನ್ನು ದಾಖಲಿಸುತ್ತವೆ (20 ಕಿ.ಗ್ರಾಂ ಭಾರವೆಂದರೆ ಸುಮಾರು 196 ನ್ಯೂಟನ್). ಭುಜ, ಮೊಣಕೈ, ಮಣಿಕಟ್ಟು ಮತ್ತು ಬೆನ್ನಿಗೆ ಅಂಟಿಸಿದ ಗುರುತುಗಳ ಚಲನೆಯನ್ನು ಕ್ಯಾಮೆರಾಗಳು ಸೆರೆಹಿಡಿಯುತ್ತವೆ. ಎರಡನ್ನೂ ಜೋಡಿಸಿ ಯಾವ ಕೀಲಿನ ಮೇಲೆ ಎಷ್ಟು ಹೊರೆ ಬೀಳುತ್ತದೆಂದು ಲೆಕ್ಕ ಹಾಕಲಾಗುತ್ತದೆ.

ವಾಕರ್‌ನ ಎತ್ತರ ನಿಗದಿಪಡಿಸಲು ಮಾತ್ರ ಅಳತೆಪಟ್ಟಿ ಸಾಕು. ನೆಟ್ಟಗೆ ನಿಂತು ತೋಳುಗಳನ್ನು ಸಡಿಲವಾಗಿ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಇರುವ ಮಟ್ಟಕ್ಕೆ ಹಿಡಿಕೆ ಬರಬೇಕು. ಹಿಡಿದಾಗ ಮೊಣಕೈ ಸುಮಾರು 20ರಿಂದ 30 ಡಿಗ್ರಿ ಬಾಗಿರಬೇಕು. ಹಿಡಿಕೆ ಎತ್ತರವಾದರೆ ಭುಜಗಳು ಮೇಲೇರಿ, ಕೆಳಕ್ಕೆ ಒತ್ತುವ ಶಕ್ತಿ ಕುಗ್ಗುತ್ತದೆ. ತಗ್ಗಾದರೆ ಬೆನ್ನು ಮುಂದಕ್ಕೆ ಬಾಗಿ ನೋವು ಬರುವುದಲ್ಲದೆ ಸಮತೋಲನವೂ ತಪ್ಪಬಹುದು. ನೆರೆಮನೆಯವರ ಹಳೆಯ ವಾಕರ್ ತಂದು ಹಾಗೆಯೇ ಬಳಸುವುದು ಈ ಕಾರಣಕ್ಕೇ ಅಪಾಯಕರ. ಹೆಚ್ಚಿನ ವಾಕರ್‌ಗಳ ಕಾಲುಗಳಲ್ಲಿ ಎತ್ತರ ಹೊಂದಿಸುವ ಗುಂಡಿಗಳಿರುತ್ತವೆ. ನಾಲ್ಕನ್ನೂ ಒಂದೇ ಮಟ್ಟಕ್ಕೆ ಹೊಂದಿಸಿಕೊಳ್ಳಬೇಕು.

ಆದುದರಿಂದ ಅರ್ಜಿದಾರರು ಶಿಬಿರಕ್ಕೆ ಖುದ್ದಾಗಿ, ನಿತ್ಯ ಬಳಸುವ ಪಾದರಕ್ಷೆ ಧರಿಸಿ ಹಾಜರಾಗಲು ಕೋರಲಾಗಿದೆ. ಸಂಧಿವಾತ, ಭುಜದ ನೋವು ಅಥವಾ ಹಿಂದೆ ಮಣಿಕಟ್ಟು ಮುರಿದಿದ್ದಲ್ಲಿ ತಪಾಸಣೆ ಮಾಡುವವರಿಗೆ ತಪ್ಪದೇ ತಿಳಿಸತಕ್ಕದ್ದು. ಕಾಲಿನ ವಿಷಯವಷ್ಟೇ ಹೇಳಿ ಸುಮ್ಮನಾದರೆ ಇದು ಗಮನಕ್ಕೆ ಬಾರದೇ ಹೋಗಬಹುದು. ಅಂಗೈ ಊರಲಾಗದವರಿಗೆ ಮುಂದೋಳನ್ನು ಊರಿ ನಡೆಯುವ ಬಗೆಯ ವಾಕರ್‌ಗಳೂ ಇದ್ದು, ಅದು ಸೂಕ್ತವೇ ಎಂಬುದನ್ನು ಫಿಸಿಯೋಥೆರಪಿಸ್ಟ್ ಪರೀಕ್ಷಿಸಿ ತಿಳಿಸುತ್ತಾರೆ.