ಅಟ್ಟದ ಮೇಲಿನ ರಾಜ-ರಾಣಿ

ದಸರಾಕ್ಕೆ ಊರಿನ ಅಟ್ಟದಿಂದ ಅಜ್ಜಿಯ ಕಾಲದ ಮಣ್ಣಿನ ರಾಜ-ರಾಣಿ ಗೊಂಬೆಗಳನ್ನ ನಗರದ ಮನೆಗೆ ತಂದ್ರಾ? ಒಂದ್ನಿಮಿಷ, ಒದ್ದೆ ಬಟ್ಟೆ ಕೆಳಗಿಡಿ!

ಮೊದಲು ಗೊಂಬೆಯನ್ನ ಪಕ್ಕಕ್ಕೆ ತಿರುಗಿಸಿ. ಕಿವಿಯಿಂದ ಕೆಳಗಿನವರೆಗೆ ಸಣ್ಣ ಗೆರೆ ಕಾಣ್ತಿದೆಯಾ? ಮುಂಭಾಗ, ಹಿಂಭಾಗ ಬೇರೆ ಬೇರೆ ಅಚ್ಚಿನಲ್ಲಿ ಒತ್ತಿ ಕೂಡಿಸಿದ ಗುರುತು ಅದು. ಇಂಥ ಗೊಂಬೆಗಳಿಗೆ ಸಾಮಾನ್ಯವಾಗಿ ಮಣ್ಣು ಒಣಗಿದ ಮೇಲೋ, ಸುಟ್ಟ ಮೇಲೋ ಬಣ್ಣ ಬಳೀತಾರೆ. ಹಾಗಾಗಿ ನೀರು ತಾಗಿದರೆ ಪೇಟದ ಜರಿ, ರಾಣಿಯ ಮೂಗುತಿ ಎಲ್ಲಾ ಕಿತ್ತುಬರಬಹುದು. ಮೆತ್ತನೆ ಒಣ ಬ್ರಷ್ ಸಾಕು. ಮಾಸಿದೆ ಅಂತ ಹೊಸ ಪೇಂಟ್ ಹೊಡೆಸಲೇಬೇಡಿ. ಸಂಗ್ರಾಹಕರು ಹುಡುಕೋದೇ ಆ ಹಳೇ ಬಣ್ಣವನ್ನ!

ಮದುವೆಯಲ್ಲಿ ಮಗಳಿಗೆ ಕೊಡುವ ಪಟ್ಟದ ಗೊಂಬೆ ಸಾಮಾನ್ಯವಾಗಿ ಮರದ್ದು. ದಸರಾಕ್ಕೆ ಗೊಂಬೆ ಕೂರಿಸುವಾಗ ಅದರ ಸುತ್ತ ಇಡೋ ಮಣ್ಣಿನ ಗೊಂಬೆ ಬೇಗ ಒಡೆಯುತ್ತೆ. ಅದಕ್ಕೇ ಹಳೇದು ಉಳಿದಿರೋದು ಅಪರೂಪ.

ಕೊಳ್ಳೋರಿಗೆ, ಮಾರೋರಿಗೆ ಒಂದು ಮಾತು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ದಾಟಿದ ಇಂಥ ಕಲಾಕೃತಿ ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಸುಟ್ಟ ಮಣ್ಣಿನ ಶಿಲ್ಪವಾದರೆ ನೋಂದಣಿಯೂ ಬೇಕು. ವಿದೇಶದಲ್ಲಿರೋ ಅಣ್ಣನಿಗೆ ಕಳಿಸೋಣ ಅಂದ್ರೆ, ಖಾಸಗಿಯವರು ರಫ್ತು ಮಾಡೋ ಹಾಗೇ ಇಲ್ಲ.

ಕಣ್ಣು ಪಳಗಬೇಕಾ? ಮೈಸೂರು ಅರಮನೆಯ ಗೊಂಬೆ ತೊಟ್ಟಿಗೆ ಹೋಗಿ. 19ನೇ ಶತಮಾನದ, 20ನೇ ಶತಮಾನದ ಆರಂಭದ ಗೊಂಬೆಗಳು ಅಲ್ಲಿವೆ. ಇನ್ನೂ ಮುಖ್ಯ, ನಿಮ್ಮ ಗೊಂಬೆಯನ್ನ ಯಾರು, ಯಾವಾಗ, ಎಲ್ಲಿ ಕೊಂಡಿದ್ದು ಅಂತ ಅಜ್ಜಿಯನ್ನ ಇವತ್ತೇ ಕೇಳಿ, ಬರೆದಿಡಿ.